ಎರಡು ಮನೆಗಳ ಜಗ್ಗಾಟ

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ತಾವೆಲ್ಲರೂ ಕೇಳಿಬಲ್ಲಿರಿ. ಅವೆರಡನ್ನೂ ಒಂದೇ ನೊಗಕ್ಕೆ ಹೂಡಿದ ರೈತನ ಪಾಡನ್ನು ಈ ನಾಡಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಶಾಸನಸಭೆಗೆ ಎರಡು ಮನೆಗಳಿದ್ದು, ಒಂದು ಮನೆ ಸರಕಾರದ ಪಕ್ಷದ ಕೈಯಲ್ಲಿಯೂ ಇನ್ನೊಂದು ಅದರ ಎದುರು ಪಕ್ಷಗಳ ಕೈಯಲ್ಲಿಯೂ ಸಿಕ್ಕಿದರೆ, ಪ್ರಜೆಗಳಿಗೆ ಒದಗುವ ಸ್ಥಿತಿಯೂ ಬಹುಮಟ್ಟಿಗೆ ಅದೇ. ಈ ಜಗ್ಗಾಟವು ಅಮೆರಿಕಾ ದೇಶದಲ್ಲಿ ಹೇಗೆ ನಡೆಯುತ್ತದೆ, ನಮ್ಮ ಕರ್ನಾಟಕದಲ್ಲಿ ಹೇಗೆ ನಡೆದಿದೆ ಎಂಬ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ಈ ವಿಷಯದಲ್ಲಿ ನನಗೆ ಸ್ವಂತದ ಸಂಬಂಧವೂ ಒಂದುಂಟು. ನಾನು ಬೆಂಗಳೂರಿನ ಪಶ್ಚಿಮಕ್ಕಿರುವ ಶ್ರೀಗಂಧದ ಕಾವಲಿನ ನಿವಾಸಿ; ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ವೃತ್ತಿ. ಹಳೆಯ ಮೈಸೂರು ಸೀಮೆಯಲ್ಲಿ ಕಾವಲ್ ಎಂದರೆ ಸರಕಾರದವರು ಕಾದಿರಿಸಿಕೊಂಡ ಹುಲ್ಲುಗಾವಲು. ಗಂಧದ ಮರವಂತೂ ರೈತನ ಹೊಲದಲ್ಲಿ ತಾನಾಗಿ ಹುಟ್ಟಿ ಬೆಳೆದರೂ ಸರಕಾರದ ಸೊತ್ತಾಗಿದ್ದಿತು. ಈಗ ಇಲ್ಲಿ ಕಣ್ಣಿಗೆ ಬೀಳುವುದು ಮನೆಗಳ ಸಾಲು. ಕಾವಲು ಎಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ. ಇರಲಿ. ಇಲ್ಲಿಯ ಸಾಮಾನ್ಯ ಮತದಾರನಿಗೆ ವಿಧಾನಸಭೆಗೆ ಒಂದು ಮತವಿದ್ದರೆ, ನನಗೆ ಅದರ ಮೇಲೆ ಇನ್ನೆರಡು ಮತಗಳಿವೆ: ಪದವೀಧರನೆಂದು ಒಂದು, ಅಧ್ಯಾಪಕನೆಂದು ಒಂದು. ಎರಡೂ ಮೇಲ್ಮನೆಯಾದ ವಿಧಾನಪರಿಷತ್ತಿಗೆ ಸಲ್ಲತಕ್ಕವು. ಪರಿಷತ್ತಿನ 75 ಸ್ಥಾನಗಳಲ್ಲಿ 25 ವಿಧಾನಸಭೆಯ ಸದಸ್ಯರಿಂದ, 25 ಸ್ಥಳೀಯ ಸಂಸ್ಥೆಗಳಿಂದ, 7 ಪದವೀಧರರಿಂದ, 7 ಅಧ್ಯಾಪಕರಿಂದ ತುಂಬುತ್ತವೆ; ಮಿಕ್ಕ 11 ಮಂದಿ ನಾಮಕರಣ ಹೊಂದಿದವರು. ನನ್ನ ಮನೆಗೆ ಹಾಲು ಹಾಕುವವನಿಗೂ ತರಕಾರಿ ಮಾರುವಾಕೆಗೂ ಇಲ್ಲದ ಎರಡು ಮತಗಳು ನನಗೇಕೆ ಎಂದು ಕೇಳಿದರೆ, ಸಂವಿಧಾನವನ್ನು ರಚಿಸಿದವರು ಕೊಟ್ಟಿರುವ ಉತ್ತರ ಒಂದೇ: ಓದಿದವರು ಕಳುಹಿಸುವ ಪ್ರತಿನಿಧಿಗಳು ಆತುರದ ಶಾಸನವನ್ನು ಸಾವಧಾನವಾಗಿ ನೋಡುವರೆಂಬ ನಂಬಿಕೆ. ಆ ಮನೆಯನ್ನು ನಾನೂ ಒಂದು ಕಾವಲೆಂದೇ ಎಣಿಸಿಕೊಂಡಿದ್ದೆನು.

ಮೊದಲು ಅಮೆರಿಕದ ಮಾತು. ಅಲ್ಲಿಯ ಶಾಸನಸಭೆಗೆ ಕಾಂಗ್ರೆಸ್ ಎಂದು ಹೆಸರು. ನಮ್ಮಲ್ಲಿಯ ಪಕ್ಷದ ಹೆಸರಿಗೂ ಅದಕ್ಕೂ ನಂಟಿಲ್ಲವೆಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಅದರ ಕೆಳಮನೆಯಲ್ಲಿ 435 ಮಂದಿ, ಸೆನೆಟ್ ಎಂಬ ಮೇಲ್ಮನೆಯಲ್ಲಿ 100 ಮಂದಿ. ಸೆನೆಟ್ ಏತಕ್ಕೆ ಎಂದು ಜೆಫರ್ಸನ್ ಕೇಳಿದಾಗ, ನೀವು ಕಾಫಿಯನ್ನು ಸಾಸರಿಗೆ ಸುರಿಯುವುದೇತಕ್ಕೆ ಎಂದು ವಾಷಿಂಗ್ಟನ್ ಮರುಪ್ರಶ್ನೆ ಹಾಕಿದರಂತೆ. ಈ ಕಥೆ ನಡೆದದ್ದೆಂಬುದಕ್ಕೆ ಚರಿತ್ರಕಾರರು ಆಧಾರವನ್ನು ಕಂಡಿಲ್ಲ. ಆದರೂ ಲೋಟದ ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸಿಕೊಳ್ಳುವ ಮೈಸೂರಿನವರಿಗೆ ಅದರ ತಾತ್ಪರ್ಯವು ಕೂಡಲೆ ತಿಳಿಯುತ್ತದೆ. ಆ ರಾಜ್ಯಾಂಗವನ್ನು ಕಟ್ಟಿದವರು ಪಕ್ಷಗಳನ್ನು ಕಂಡರೆ ಅಂಜುತ್ತಿದ್ದವರು. 1787ರಲ್ಲಿ ಮ್ಯಾಡಿಸನ್ ಬರೆದ ಹೆಸರಾಂತ ಪತ್ರಿಕಾಲೇಖನವೊಂದರ ವಿಷಯವೇ ಗುಂಪುಗಾರಿಕೆಯಿಂದ ಒದಗುವ ಕೇಡು. 1796ರ ವಿದಾಯಸಂದೇಶದಲ್ಲಿ ವಾಷಿಂಗ್ಟನ್ನರೂ ಪಕ್ಷಾವೇಶವನ್ನು ಕುರಿತು ಜನರನ್ನು ಎಚ್ಚರಿಸಿದರು. ಒಂದು ಗುಂಪು ಎಲ್ಲವನ್ನೂ ನುಂಗಿಬಿಡದಂತೆ ಅಧ್ಯಕ್ಷನೊಬ್ಬ, ಮನೆಗಳೆರಡು, ನ್ಯಾಯಸ್ಥಾನವೊಂದು ಎಂದು ಅಧಿಕಾರವನ್ನು ಹಂಚಿದರು. ಹೀಗೆ ಶಾಸನವು ನಿಧಾನವಾಗಲೆಂಬುದು ಅವರ ಉದ್ದೇಶವೇ ಆಗಿದ್ದಿತು. ಅವರು ಎಣಿಸದೆ ಇದ್ದುದೆಂದರೆ, ಮುಂದೆ ಪಕ್ಷಗಳು ಎರಡೇ ಆಗಿ ನಿಂತು, ಈ ಎಲ್ಲ ಬಾಗಿಲುಗಳ ಬೀಗದ ಕೈಗಳನ್ನೂ ತಮ್ಮತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುವುವೆಂಬುದು.

ಸೆನೆಟ್ಟಿನಲ್ಲಿ ಫಿಲಿಬಸ್ಟರ್ ಎಂಬ ಪದ್ಧತಿಯೊಂದು ಬೆಳೆದುಬಂದಿತು. ಒಬ್ಬ ಸದಸ್ಯನು ಎದ್ದು ನಿಂತು ಮಾತನಾಡತೊಡಗಿದರೆ ಅವನನ್ನು ಕುಳ್ಳಿರಿಸುವ ಹಕ್ಕು ಯಾರಿಗೂ ಇರಲಿಲ್ಲ. ಅವನು ಸುಮ್ಮನಾಗುವವರೆಗೆ ಮಸೂದೆಯನ್ನು ಮತಕ್ಕೆ ಹಾಕುವಂತಿಲ್ಲ. 1917ರಲ್ಲಿ, ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಚರ್ಚೆಯನ್ನು ಮುಗಿಸಬಹುದೆಂಬ ನಿಯಮ ಬಂದಿತು. 1975ರಲ್ಲಿ ಅದನ್ನು ಐದರಲ್ಲಿ ಮೂರು ಪಾಲಿಗೆ, ಎಂದರೆ 60 ಮತಗಳಿಗೆ ಇಳಿಸಿದರು. ನೀಗ್ರೋ ಜನರ ಹಕ್ಕಿನ ಮಸೂದೆಯೊಂದನ್ನು ತಡೆಯಬೇಕೆಂದು 1957ರಲ್ಲಿ ಸ್ಟ್ರಾಮ್ ಥರ್ಮಂಡ್ ಎಂಬ ಸೆನೆಟರು 24 ಗಂಟೆ 18 ನಿಮಿಷ ಒಂದೇ ಸಮನೆ ಮಾತನಾಡಿದರು. ಮಸೂದೆ ನಿಲ್ಲಲಿಲ್ಲ. 1964ರಲ್ಲಿ ಅದೇ ಉದ್ದೇಶದ ಇನ್ನೂ ಬಲವಾದ ಮಸೂದೆ ಬಂದಾಗ ದಕ್ಷಿಣದ ಸದಸ್ಯರು ಎರಡು ತಿಂಗಳಿಗೂ ಮಿಕ್ಕಿ ಅಡ್ಡಗಟ್ಟಿದರು. ಕಡೆಗೆ ಜೂನ್ 10ರಂದು 71 ಮತಗಳಿಗೆ 29ರಂತೆ ಚರ್ಚೆ ಮುಗಿಯಿತು. ಆ 71ರಲ್ಲಿ 44 ಡೆಮಾಕ್ರಾಟ್ ಪಕ್ಷದವು, 27 ರಿಪಬ್ಲಿಕನ್ ಪಕ್ಷದವು. ರಿಪಬ್ಲಿಕನ್ನರ ನಾಯಕ ಎವರೆಟ್ ಡರ್ಕ್ಸನ್ನರು ಎದುರು ಪಕ್ಷದ ಹಂಫ್ರಿಯವರೊಡನೆ ಕುಳಿತು ಮಸೂದೆಯ ಮಾತುಗಳನ್ನು ತಿದ್ದಿ ಒಪ್ಪಂದಕ್ಕೆ ಬಂದುದರಿಂದ ಇದು ಸಾಧ್ಯವಾಯಿತು. ಅಡ್ಡಿಯ ಉದ್ದೇಶ ನ್ಯಾಯವಲ್ಲದ್ದೇ ಆಗಿದ್ದರೂ, ಅಡ್ಡಿ ಮಾಡಿದವನು ಸಭೆಯಲ್ಲಿ ನಿಲ್ಲಬೇಕಾಗಿತ್ತು, ಗಂಟಲು ಒಣಗಿಸಿಕೊಳ್ಳಬೇಕಾಗಿತ್ತು, ದೇಶವೆಲ್ಲ ಅವನ ಮುಖವನ್ನು ನೋಡುತ್ತಿತ್ತು.

ಈಗ ಆ ಶ್ರಮವೂ ಬೇಕಾಗಿಲ್ಲ. 1970ರ ದಶಕದಿಂದೀಚೆಗೆ ಸೆನೆಟ್ಟಿನ ಕಾರ್ಯಕ್ರಮವನ್ನು ಎರಡು ಹಳಿಗಳ ಮೇಲೆ ನಡೆಸುವ ಏರ್ಪಾಡು ಬಂದಿರುವುದರಿಂದ, ನಾವು ತಡೆಯುತ್ತೇವೆಂದು ತಿಳಿಸಿದರೆ ಸಾಕು; ಮಸೂದೆ ಬದಿಗೆ ಸರಿಯುತ್ತದೆ, 60 ಮತ ದೊರೆಯುವವರೆಗೆ ಅಲ್ಲಿಯೇ ಕೊಳೆಯುತ್ತದೆ. ಆಯವ್ಯಯಕ್ಕೂ ಇದೇ ಗತಿ. ಹಣದ ಮಸೂದೆ ಆಗದೆ ಸರಕಾರದ ಕಚೇರಿಗಳು 2018-19ರ ಚಳಿಗಾಲದಲ್ಲಿ 35 ದಿನ, 2025ರ ಅಕ್ಟೋಬರ್ 1ರಿಂದ 43 ದಿನ ಬಾಗಿಲು ಹಾಕಿದುವು. ನಮ್ಮಲ್ಲಿ ಕೆಳಮನೆಯು ಹಣವನ್ನು ನಿರಾಕರಿಸಿದರೆ ಮಂತ್ರಿಮಂಡಲವು ಬಿದ್ದು ಬೇರೊಂದು ಬರುತ್ತದೆ. ಇಲ್ಲವೆ ಚುನಾವಣೆ ನಡೆಯುತ್ತದೆ. ಅಲ್ಲಿ ಅಧ್ಯಕ್ಷನ ಅವಧಿಯೂ ಕಾಂಗ್ರೆಸ್ಸಿನ ಅವಧಿಯೂ ಗೊತ್ತಾದ ಅವಧಿಗಳು. ಜಗಳವಾಡಿದ ಇಬ್ಬರೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇರಲೇಬೇಕು. ಪಂಗಡದ ಒಳಗಿನ ಜಗಳವೂ ಕಡಮೆಯದಲ್ಲ: 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿಯವರು ಕೆಳಮನೆಯ ಸ್ಪೀಕರ್ ಆಗುವುದಕ್ಕೆ 15 ಸಲ ಮತ ತೆಗೆಯಬೇಕಾಯಿತು, ಆ ಅಕ್ಟೋಬರಿನಲ್ಲಿಯೇ ಅವರನ್ನು ಇಳಿಸಿದರು.

ಇಷ್ಟನ್ನು ಕೇಳಿ, ನಮ್ಮ ರಾಜ್ಯಾಂಗವೇ ಲೇಸೆಂದು ಕೆಲವರು ಸಮಾಧಾನಪಟ್ಟುಕೊಳ್ಳಬಹುದು. ನನ್ನ ವಿದ್ಯಾರ್ಥಿಗಳಿಗೆ ಬಹುಕಾಲ ಹಾಗೆಯೇ ಹೇಳುತ್ತ ಬಂದೆನು. ನಮ್ಮ ಸಂವಿಧಾನದ 197ನೆಯ ವಿಧಿಯಂತೆ, ವಿಧಾನಸಭೆಯು ಅಂಗೀಕರಿಸಿದ ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ಮಾತ್ರ ತಡೆದಿಡಬಲ್ಲುದು. ಹಣದ ಮಸೂದೆಯಾದರೆ ಬರಿಯ 14 ದಿನ. ಆಮೇಲೆ ಕೆಳಮನೆಯ ಮಾತೇ ನಡೆಯುತ್ತದೆ. ಪಾರ್ಲಿಮೆಂಟಿನಲ್ಲಿರುವಂತೆ ಎರಡು ಮನೆಗಳನ್ನೂ ಕೂಡಿಸಿ ಮತ ತೆಗೆಯುವ ಏರ್ಪಾಡು ರಾಜ್ಯಗಳಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಎಂದರೆ, ಅಮೆರಿಕದ ಗಂಟು ನಮ್ಮಲ್ಲಿ ಬೀಳುವಂತೆಯೇ ಇಲ್ಲ. ಇಷ್ಟು ಸಡಿಲವಾದ ಹಗ್ಗಕ್ಕಾಗಿಯೂ ಕೈ ಕೈ ಮಿಲಾಯಿಸುವ ಪ್ರಸಂಗ ಬರುವುದೆಂದು ನಾನು ಭಾವಿಸಿರಲಿಲ್ಲ.

ಆ ಪ್ರಸಂಗ 2020ರ ಡಿಸೆಂಬರಿನದು. ಆಗ ಅಧಿಕಾರದಲ್ಲಿದ್ದುದು ಬಿ.ಜೆ.ಪಿ.; ಪರಿಷತ್ತಿನಲ್ಲಿ ಆ ಪಕ್ಷಕ್ಕೆ ಬಹುಮತವಿರಲಿಲ್ಲ. ಡಿಸೆಂಬರ್ 9ರಂದು ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆಯು ವಿಧಾನಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯೆಂಬುದೇ ಇಲ್ಲದೆ ಅಂಗೀಕಾರವಾಯಿತು. ಮಸೂದೆಯ ಗುಣದೋಷಗಳನ್ನು ವಿಚಾರಿಸುವುದು ಈ ಹೊತ್ತಿನ ಉದ್ದೇಶವಲ್ಲ. ಅದು ರೈತನ ಕೊಟ್ಟಿಗೆಗೂ ಕೆಲವರ ಊಟಕ್ಕೂ ಕೆಲವರ ಜೀವನೋಪಾಯಕ್ಕೂ ಸಂಬಂಧಪಟ್ಟದ್ದೆಂದು ಎರಡು ಕಡೆಯವರೂ ಒಪ್ಪುವರು. ಅಂಥದನ್ನು ಕುರಿತು ಒಂದು ದಿನವಾದರೂ ಮಾತನಾಡಬೇಕಾಗಿದ್ದಿತು. ಮರುದಿನ ಪರಿಷತ್ತಿನ ಸಭಾಪತಿ ಕೆ. ಪ್ರತಾಪಚಂದ್ರ ಶೆಟ್ಟಿಯವರು, ಮಸೂದೆಯು ಚರ್ಚೆಗೆ ಬರುವ ಮುಂಚೆಯೇ, ಸದನವನ್ನು ಅನಿರ್ದಿಷ್ಟ ಕಾಲದವರೆಗೆ ಮುಂದೂಡಿಬಿಟ್ಟರು. ಅವರು ಕಾಂಗ್ರೆಸ್ ಪಕ್ಷದಿಂದ ಬಂದವರು. ಹೀಗೆ ಕೆಳಮನೆಯಲ್ಲಿ ಮಾತಿಲ್ಲದೆ ಹೊರಟ ಮಸೂದೆಯು ಮೇಲ್ಮನೆಯಲ್ಲಿ ಮಾತಿಲ್ಲದೆ ನಿಂತಿತು.

ಸರಕಾರದ ಕೋರಿಕೆಯಂತೆ ಡಿಸೆಂಬರ್ 15ರಂದು ಮತ್ತೆ ಒಂದು ದಿನಕ್ಕಾಗಿ ಸದನ ಸೇರಿತು. ಸಭಾಪತಿಯ ಮೇಲಿನ ಅವಿಶ್ವಾಸದ ವಿಷಯ ಆಗ ಎದ್ದಿತ್ತು. ಸದಸ್ಯರನ್ನು ಕರೆಯುವ ಗಂಟೆ ಇನ್ನೂ ಬಾರಿಸುತ್ತಿರುವಾಗಲೇ ಉಪಸಭಾಪತಿ ಎಸ್. ಎಲ್. ಧರ್ಮೇಗೌಡರು ಪೀಠವನ್ನೇರಿ ಕುಳಿತರು. ಅವರು ಜನತಾದಳದವರು, ಆ ದಿನ ಆ ಪಕ್ಷ ಬಿ.ಜೆ.ಪಿ.ಯ ಕಡೆಗಿತ್ತು. ಸಭಾಪತಿಯು ಒಳಗೆ ಬಾರದಂತೆ ಒಂದು ಕಡೆಯವರು ಬಾಗಿಲಿಗೆ ಅಡ್ಡ ನಿಂತರು. ಇನ್ನೊಂದು ಕಡೆಯವರು ಪೀಠದ ಬಳಿಗೆ ನುಗ್ಗಿ ಉಪಸಭಾಪತಿಯನ್ನು ಕುರ್ಚಿಯಿಂದ ಹಿಡಿದೆಳೆದರು. ಕಡೆಗೆ ಮಾರ್ಷಲುಗಳ ಕಾವಲಿನಲ್ಲಿ ಸಭಾಪತಿ ಬಂದು ಕುಳಿತು, ಸದನವನ್ನು ಮತ್ತೆ ಅನಿರ್ದಿಷ್ಟವಾಗಿ ಮುಂದೂಡಿ ಹೊರಟುಹೋದರು. ಆ ದೃಶ್ಯಗಳನ್ನು ರಾಜ್ಯವೆಲ್ಲ ನೋಡಿತು. ಅದೇ ತಿಂಗಳ ಕೊನೆಯಲ್ಲಿ ಧರ್ಮೇಗೌಡರು ಕಡೂರಿನ ಬಳಿ ದುರಂತಮರಣವನ್ನು ಹೊಂದಿದರು. ಆ ಸಾವಿಗೆ ಕಾರಣವನ್ನು ಊಹಿಸಿ ಹೇಳುವುದು ನನ್ನ ಕೆಲಸವಲ್ಲ. ಎರಡು ವಾರಗಳ ಕೆಳಗೆ ಎಲ್ಲರೂ ಕೂಡಿ ಎಳೆದಾಡಿದ ಮನುಷ್ಯನು ಇನ್ನಿಲ್ಲವೆಂಬ ಸುದ್ದಿ ಬಂದ ಬೆಳಗ್ಗೆ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಪಕ್ಷ ವಹಿಸಿ ಮಾತನಾಡುವವರೂ ಸ್ವಲ್ಪ ಹೊತ್ತು ಸುಮ್ಮನಿದ್ದರೆಂಬುದನ್ನು ಮಾತ್ರ ನೆನೆಯುತ್ತೇನೆ.

ಇಷ್ಟೆಲ್ಲ ನಡೆದ ಮೇಲೆ ಮಸೂದೆ ಏನಾಯಿತು? 2021ರ ಜನವರಿಯಲ್ಲಿ ರಾಜ್ಯಪಾಲರ ಸುಗ್ರೀವಾಜ್ಞೆಯ ಮೂಲಕ ಅದು ಜಾರಿಗೆ ಬಂದೇ ಬಂದಿತು. ಫೆಬ್ರವರಿಯಲ್ಲಿ ಸಭಾಪತಿ ರಾಜೀನಾಮೆ ಕೊಟ್ಟರು. 8ನೆಯ ತಾರೀಖು ಗದ್ದಲದ ನಡುವೆ ಧ್ವನಿಮತದಿಂದ ಪರಿಷತ್ತು ಮಸೂದೆಯನ್ನು ಅಂಗೀಕರಿಸಿತು. ಎರಡು ತಿಂಗಳ ತಡೆಯಿಂದ ಅದರಲ್ಲಿ ಒಂದು ಪದವಾದರೂ ವಿಚಾರಕ್ಕೆ ಒಳಪಟ್ಟು ತಿದ್ದಿತೆ ಎಂದು ಕೇಳಿದರೆ, ಹೌದೆನ್ನಲಾರೆನು.

ಮೂರು ವರ್ಷಗಳ ಮೇಲೆ ವೇಷಗಳು ಅದಲುಬದಲಾದುವು. ಆಗ ಅಧಿಕಾರದಲ್ಲಿದ್ದುದು ಕಾಂಗ್ರೆಸ್; ಪರಿಷತ್ತಿನಲ್ಲಿ ಬಿ.ಜೆ.ಪಿ. ಮತ್ತು ಜನತಾದಳದ ಕೂಟವೇ ಹೆಚ್ಚಾಗಿದ್ದಿತು. ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯ ತಿದ್ದುಪಡಿ ಮಸೂದೆಯು 2024ರ ಫೆಬ್ರವರಿ 21ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ವರ್ಷಕ್ಕೆ ಒಂದು ಕೋಟಿ ರೂಪಾಯಿಗೆ ಮೀರಿದ ಆದಾಯವುಳ್ಳ ದೇವಸ್ಥಾನಗಳು ನೂರಕ್ಕೆ ಹತ್ತರಂತೆ ಸಾಮಾನ್ಯ ನಿಧಿಗೆ ಕೊಡಬೇಕು, ಅದರಿಂದ ಬಡ ದೇವಸ್ಥಾನಗಳಿಗೂ ಅರ್ಚಕರಿಗೂ ಸಹಾಯವಾಗಬೇಕು ಎಂಬುದು ಅದರ ಮುಖ್ಯಾಂಶ. 23ರಂದು ಪರಿಷತ್ತು ಅದನ್ನು ಧ್ವನಿಮತದಿಂದ ತಿರಸ್ಕರಿಸಿತು. ಒಂದು ವಾರದೊಳಗಾಗಿ ಅದು ಮತ್ತೆ ವಿಧಾನಸಭೆಗೆ ಹೋಗಿ ಅಂಗೀಕಾರ ಪಡೆದು, ಪರಿಷತ್ತಿನಲ್ಲಿಯೂ ಹಾದುಹೋಯಿತು. 2020ರಲ್ಲಿ ಮೇಲ್ಮನೆಯ ಘನತೆಯನ್ನು ಎತ್ತಿಹಿಡಿದವರು 2024ರಲ್ಲಿ ಅದನ್ನು ಅಡ್ಡಗಾಲೆಂದರು. ಹಿಂದೆ ಅಡ್ಡಗಾಲೆಂದವರು ಈಗ ಅದರ ಘನತೆಯನ್ನು ಕಂಡುಕೊಂಡರು. ಇದರಲ್ಲಿ ಯಾವ ಪಕ್ಷವನ್ನೂ ಬೇರೆಯಾಗಿ ದೂರುವ ಇಚ್ಛೆ ನನಗಿಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ ಮೂರು ರಾಜಧಾನಿಗಳ ಮಸೂದೆಯನ್ನು ಪರಿಷತ್ತು ತಡೆಯಿತೆಂದು, 2020ರ ಜನವರಿಯಲ್ಲಿ ಪರಿಷತ್ತನ್ನೇ ತೆಗೆದುಹಾಕುವ ನಿರ್ಣಯ ವಿಧಾನಸಭೆಯಲ್ಲಿ ಆಯಿತು. ಮರುವರ್ಷ ನವೆಂಬರಿನಲ್ಲಿ ಅದೇ ಸಭೆ ಆ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೇಲ್ಮನೆಯು ಬೇಕೋ ಬೇಡವೋ ಎಂಬುದು ಹೀಗೆ ಆಯಾ ಹೊತ್ತಿನ ಲೆಕ್ಕದ ಮೇಲೆ ನಿಂತಂತೆ ತೋರುತ್ತದೆ.

ಇಲ್ಲಿ ನಮ್ಮ ಹಳೆಯ ಮೈಸೂರಿನ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು. ದಿವಾನ್ ರಂಗಾಚಾರ್ಲುರವರು ಏರ್ಪಡಿಸಿದ ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು ಮೊದಲು ಸೇರಿದಾಗ ಅದರಲ್ಲಿ 144 ಮಂದಿ ಪ್ರತಿನಿಧಿಗಳಿದ್ದರು. ಅವರಿಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಿವಾನರ ಭಾಷಣವನ್ನು ಕೇಳಬೇಕು, ತಮ್ಮ ಕಡೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳಬೇಕು, ಊರಿಗೆ ಹಿಂದಿರುಗಬೇಕು, ಇಷ್ಟೇ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಬಂದಿತು. 1923ರ ಸುಧಾರಣೆಗಳಲ್ಲಿ, ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ತರುವುದಕ್ಕೆ ಮೊದಲು ಅದರ ವಿಷಯವಾಗಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ವಿಧಿಸಿದರು. ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವವನು ನಾನಲ್ಲ. ಕೊನೆಯ ಮಾತು ದಿವಾನರದೇ ಆಗಿದ್ದಿತು. ಜವಾಬ್ದಾರಿ ಸರಕಾರಕ್ಕಾಗಿ ಜನರು 1947ರವರೆಗೂ ಹೋರಾಡಬೇಕಾಯಿತು. ಆದರೂ ಅಧಿಕಾರವಿಲ್ಲದ ಆ ಸಭೆಯಲ್ಲಿ ಒಂದಾದರೂ ಉಳಿದಿತ್ತು: ಎದ್ದು ನಿಂತವನ ಮಾತು ಮುಗಿಯುವವರೆಗೆ ಕೇಳುತ್ತಿದ್ದರು. ಕೇಳುವುದೊಂದೇ ಆ ಸಭೆಯ ಕೆಲಸವಾಗಿದ್ದಿತಷ್ಟೆ. ಈಗ ಪೂರ್ಣಾಧಿಕಾರ ಕೈಗೆ ಬಂದಮೇಲೆ ಆ ಕೆಲಸವೇ ತಪ್ಪಿತು. ಅಮೆರಿಕದವರು ಮಾತಿಲ್ಲದೆ ಮಸೂದೆಯನ್ನು ನಿಲ್ಲಿಸುವುದನ್ನು ಕಲಿತರು, ನಾವು ಮಾತಿಲ್ಲದೆ ಅದನ್ನು ಸಾಗಿಸುವುದನ್ನು ಕಲಿತೆವು. ಅಲ್ಲಿಯವರ ರೋಗ ಎದ್ದು ಕಾಣುತ್ತದೆ, ಏಕೆಂದರೆ ಕಚೇರಿಗಳ ಬಾಗಿಲು ಮುಚ್ಚುತ್ತವೆ; ನಮ್ಮದು ಕಾಣುವುದಿಲ್ಲ.

ಕರ್ನಾಟಕದಲ್ಲಿ 2005ರ ಕಾಯಿದೆಯೊಂದು, ಶಾಸನಸಭೆಯು ವರ್ಷಕ್ಕೆ 60 ದಿನಗಳಿಗೆ ಕಡಮೆಯಿಲ್ಲದೆ ಸೇರಬೇಕೆಂದು ಹೇಳುತ್ತದೆ. ಕಾಯಿದೆ ಮಾಡಿದವರೇ ಅದನ್ನು ನಡೆಸುವುದು ಅಪರೂಪ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ದೊಡ್ಡ ಕೋಲಾಹಲವಾಗಿ, ವಿರೋಧಪಕ್ಷದ 18 ಸದಸ್ಯರನ್ನು ಆರು ತಿಂಗಳು ಸದನದಿಂದ ಹೊರಗಿಟ್ಟರು. ಆ ಆಜ್ಞೆಯನ್ನು ಮೇ ತಿಂಗಳಲ್ಲಿ ಹಿಂದಕ್ಕೆ ಪಡೆದರು. ಆ ಕೋಲಾಹಲದ ನಡುವೆಯೇ, ಶಾಸಕರ ತಿಂಗಳ ಸಂಬಳವನ್ನು 40,000 ರೂಪಾಯಿಗಳಿಂದ 80,000 ರೂಪಾಯಿಗಳಿಗೆ ಏರಿಸುವ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಅದಕ್ಕೆ ಎತ್ತೂ ಕೋಣವೂ ಒಂದೇ ಕಡೆಗೆ ಎಳೆದುವೆಂದು ಕಾಣುತ್ತದೆ.

ತಡೆಯಿಂದ ಯಾವಾಗಲೂ ಕೆಡುಕೇ ಆಗುವುದೆಂದು ಹೇಳಬಾರದು. ನನ್ನ ಮನೆಯ ಬಾಗಿಲಿಗೇ ಬಂದ ಒಂದು ಉದಾಹರಣೆ ಇದೆ. ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಚುನಾವಣೆ ನಡೆಯಲಿಲ್ಲ. ಐದು ವರ್ಷಗಳಾಗುವ ಹೊತ್ತಿಗೆ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯಿತು. ನಮ್ಮ ಬೀದಿಯ ಚರಂಡಿ ಕಟ್ಟಿದರೆ ಕೇಳಲು ಅಧಿಕಾರಿಗಳಿದ್ದರು, ಪ್ರತಿನಿಧಿ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ಪರಿಷತ್ತಿಗೆ ಚುನಾವಣೆ ನಡೆದಾಗ, ರಾಜಧಾನಿಯ ಈ ದೊಡ್ಡ ಪಾಲಿಕೆಯಿಂದ ಮತ ಹಾಕಲು ಒಬ್ಬ ಸದಸ್ಯನೂ ಇರಲಿಲ್ಲವೆಂಬುದು ವಿಚಿತ್ರವಾದರೂ ನಿಜ. ಇಂಥ ಸ್ಥಿತಿಯಲ್ಲಿ 2024ರ ಜುಲೈನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಬಂದಿತು. ಎದುರು ಪಕ್ಷದವರೂ ನಗರದ ಅನೇಕ ಸಂಘಗಳವರೂ ವಿರೋಧಿಸಿದುದರಿಂದ ಸರಕಾರವು ಅದನ್ನು ಎರಡು ಮನೆಗಳ ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಶಾಸಕ ರಿಜ್ವಾನ್ ಅರ್ಷದ್‌ರವರ ಅಧ್ಯಕ್ಷತೆಯ ಆ ಸಮಿತಿಯು ಸಾರ್ವಜನಿಕರನ್ನು ಕರೆದು ಅವರ ಮಾತನ್ನು ಕೇಳಿತು; 2025ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು; ಮಾರ್ಚಿನಲ್ಲಿ ಮಸೂದೆ ಅಂಗೀಕಾರವಾಗಿ ಮೇ 15ರಂದು ಕಾಯಿದೆ ಜಾರಿಗೆ ಬಂದಿತು. ವಿರೋಧಿಸಿದವರೆಲ್ಲ ಒಪ್ಪಿದರೆಂದಲ್ಲ, ನಗರವನ್ನು ಒಡೆಯಬಾರದಾಗಿತ್ತೆಂದು ಹೇಳುವವರು ಈಗಲೂ ಇದ್ದಾರೆ, ಅವರ ವಾದದಲ್ಲಿ ತಿರುಳಿದೆಯೆಂದು ನನಗೂ ತೋರುತ್ತದೆ. ಆದರೆ ಏಳೆಂಟು ತಿಂಗಳು ಮಸೂದೆಯನ್ನು ಓದಿದವರಿದ್ದರು, ಕೇಳಿದವರಿದ್ದರು, ಬರೆದುಕೊಂಡವರಿದ್ದರು. 197ನೆಯ ವಿಧಿಯ ಮೂರು ತಿಂಗಳನ್ನು ಪರಿಷತ್ತು ಇಂಥ ಕೆಲಸಕ್ಕೆ ಬಳಸಿದರೆ ನಾನು ಅದನ್ನು ಅಡ್ಡಗಾಲೆಂದು ಕರೆಯಲಾರೆನು.

ನನ್ನ ಎರಡು ಮತಗಳ ವಿಷಯ ಹೇಳುತ್ತಿದ್ದೆನಷ್ಟೆ. 2024ರ ಫೆಬ್ರವರಿ 16ರಂದು ಬೆಂಗಳೂರು ಅಧ್ಯಾಪಕರ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಅಲ್ಲಿ ಗುಂಡಿ ಒತ್ತುವುದಿಲ್ಲ. ಕಾಗದದ ಮೇಲೆ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ನಮ್ಮ ಆದ್ಯತೆಯ ಅಂಕಿಗಳನ್ನು ಅವರೇ ಕೊಟ್ಟ ಲೇಖನಿಯಿಂದ ಬರೆಯಬೇಕು. ಮತದಾನಕ್ಕೆ ಮುಂಚೆ ಅಭ್ಯರ್ಥಿಗಳ ಕಡೆಯವರು ನಮ್ಮ ಅಧ್ಯಾಪಕರ ಕೊಠಡಿಗೆ ಬಂದಿದ್ದರು. ವೇತನಶ್ರೇಣಿಯನ್ನು ಕುರಿತು ಕೇಳಿದೆವು. ಹಳೆಯ ಪಿಂಚಣಿ ಪದ್ಧತಿ ಮತ್ತೆ ಬರುವುದೋ ಎಂದು ಕೇಳಿದೆವು. ಆ ಪ್ರಶ್ನೆ ಹಾಕಿದವನು ನಾನೇ. ಅರ್ಧ ಗಂಟೆ ಮಾತು ನಡೆಯಿತು, ಕಾಫಿಯೂ ಆಯಿತು. ಸದನದಲ್ಲಿ ಮಸೂದೆಯೊಂದು ಗದ್ದಲದ ನಡುವೆ ಧ್ವನಿಮತಕ್ಕೆ ಬಂದಾಗ ನಿಮ್ಮ ಅಭ್ಯರ್ಥಿ ಏನು ಮಾಡುವರು ಎಂದು ನಾವು ಯಾರೂ ಕೇಳಲಿಲ್ಲ. ಒಂದು ವಾರದ ಮೇಲೆ, 23ರ ಸಂಜೆ ಪರಿಷತ್ತಿನ ಸುದ್ದಿ ಬಂದಾಗ ಆ ಪ್ರಶ್ನೆ ನನಗೆ ಹೊಳೆಯಿತು. ಅಷ್ಟರಲ್ಲಿ ನನ್ನ ಬೆರಳಿನ ಮಸಿ ಮಾಸುತ್ತ ಬಂದಿತ್ತು.